ಹೇಸಿಗೆಯೂ ಮಮತೆಯೂ

ಬೆಂಗಳೂರಿನ ಆಗ್ನೇಯ ಭಾಗದಲ್ಲಿ ಸುಮಾರು ೯೦೦ ಎಕರೆಗಳಷ್ಟು ವಿಸ್ತಾರಕ್ಕೆ ಹರಡಿಕೊಂಡಿರುವ ಬೆಳ್ಳಂದೂರು ಕೆರೆಯು, ತೂಬಿನಿಂದ ಗದ್ದೆಗೆ ನೀರುಣಿಸಿ, ಬಲೆಗೆ ಮೀನು ಕೊಟ್ಟು, ದನಕರುಗಳ ದಾಹವನ್ನು ತಣಿಸಿ, ಸುತ್ತಣ ಹಳ್ಳಿಗಳ ಬಾಳಿಗೆ ಬಹುಕಾಲ ಆಧಾರವಾಗಿದ್ದ ಜಲಾಶಯ. ಅದೇ ಕೆರೆ ೨೦೧೫ರ ಮೇ ತಿಂಗಳಿನಲ್ಲಿ ಹೊತ್ತಿಕೊಂಡು ಉರಿಯಿತು. ೨೦೧೭ರ ಫೆಬ್ರವರಿಯಲ್ಲಿ ಮತ್ತೆ ಅಲ್ಲಿ ಹೊಗೆಯೆದ್ದಿತು. ೨೦೧೮ರ ಜನವರಿಯಲ್ಲಿ ಬೆಂಕಿಯನ್ನು ಆರಿಸಲು ಅಗ್ನಿಶಾಮಕ ದಳದವರೊಡನೆ ಸೈನಿಕರೂ ಬರಬೇಕಾಯಿತು. ಸಮುದ್ರದ ಗರ್ಭದಲ್ಲಿ ಬಡಬಾಗ್ನಿ ಇರುವುದೆಂದು ಪುರಾಣದಲ್ಲಿ ಕೇಳಿದ್ದ ಜನ, ಊರ ಕೆರೆಯಲ್ಲಿಯೇ ಬೆಂಕಿಯೇಳುವುದನ್ನು ಕಣ್ಣಾರೆ ಕಂಡರು. ಬೆಂಕಿಯಿಲ್ಲದ ದಿನಗಳಲ್ಲಿ ನೊರೆ. ಮನೆಮನೆಯ ಬಟ್ಟೆಪಾತ್ರೆಗಳನ್ನು ತೊಳೆದ ಸಾಬೂನುಪುಡಿಯ ಶೇಷವೂ ಶುದ್ಧಿಯಾಗದ ಚರಂಡಿಯ ನೀರೂ ಒಂದಾಗಿ, ಕೋಡಿಯ ಬಳಿ ನೀರು ಧುಮುಕುವೆಡೆಯಲ್ಲಿ ಆಳೆತ್ತರಕ್ಕೆ ಬುಸುಗುಟ್ಟಿ, ಗಾಳಿ ಬೀಸಿದಾಗ ಯಮಲೂರಿನ ರಸ್ತೆಗೆ ಹಾರಿಬಂದು, ವಾಹನಗಳ ಮೇಲೂ ದಾರಿಹೋಕರ ಮೇಲೂ ಕುಳಿತುಕೊಳ್ಳುತ್ತಿತ್ತು. ಅದನ್ನು ತಡೆಯಲು ರಸ್ತೆಯ ಪಕ್ಕದಲ್ಲಿ ಬಲೆ ಕಟ್ಟಿದರು.

ಈ ದೃಶ್ಯದ ಮುಂದೆ ಮನುಷ್ಯರು ಹೇಗೆ ನಡೆದುಕೊಂಡರೆಂಬುದು ವಿಚಾರಾರ್ಹವಾದ ಸಂಗತಿ. ಹೊಸದಾಗಿ ಬಂದವರು ಮೂಗು ಮುಚ್ಚಿಕೊಂಡು ವೇಗವಾಗಿ ದಾಟಿದರು. ದಿನವೂ ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗುವವರು ಕಿಟಕಿಯ ಗಾಜನ್ನು ಏರಿಸಿ, ಕೆಲವು ತಿಂಗಳುಗಳ ಬಳಿಕ ಅದನ್ನು ಗಮನಿಸುವುದನ್ನೇ ಬಿಟ್ಟರು. ಎಳೆಯ ವಯಸ್ಸಿನಲ್ಲಿ ಆ ನೀರಿನಲ್ಲಿ ಈಜಿದ್ದ ಹಳ್ಳಿಯ ಹಿರಿಯರಾದರೋ, ಮೂಗು ಮುಚ್ಚದೆ, ಮುಖ ತಿರುಗಿಸದೆ, ಸತ್ತ ಬಂಧುವಿನ ಮಾತನ್ನಾಡುವ ಧ್ವನಿಯಲ್ಲಿ ಕೆರೆಯ ಮಾತನ್ನಾಡಿದರು. ಹೇಸಿಗೆ, ಉದಾಸೀನ, ದುಃಖ: ಒಂದೇ ಕೊಳೆಗೆ ಮನಸ್ಸು ಕೊಟ್ಟ ಮೂರು ಉತ್ತರಗಳು ಇವು. ಪರಿಸರದ ಮಾಲಿನ್ಯವನ್ನು ನಾವು ಸಾಮಾನ್ಯವಾಗಿ ರಸಾಯನಶಾಸ್ತ್ರದ ವಿಷಯವೆಂದೋ ಆಡಳಿತದ ವಿಷಯವೆಂದೋ ಎಣಿಸುತ್ತೇವೆ. ಅದು ಭಾವದ ವಿಷಯವೂ ಹೌದು. ಏಕೆಂದರೆ ಒಂದು ಸ್ಥಳ ಶುಚಿಯಾಗುವುದೋ ಕೊಳೆಯುವುದೋ ಎಂಬುದು ಬಹುಮಟ್ಟಿಗೆ ಈ ಮೂರರಲ್ಲಿ ಯಾವ ಭಾವವು ಅಲ್ಲಿಯ ಜನರಲ್ಲಿ ಬಲಿಯುತ್ತದೆ ಎಂಬುದನ್ನು ಅವಲಂಬಿಸಿದೆ.

ಮೂಗೆಂಬ ಕಾವಲುಗಾರ

ನಮ್ಮ ಪ್ರಾಚೀನರು ಹೇಸಿಗೆಯನ್ನು ಕ್ಷುದ್ರವೆಂದು ಬದಿಗೊತ್ತಲಿಲ್ಲ. ಭರತನ ನಾಟ್ಯಶಾಸ್ತ್ರವು ಜುಗುಪ್ಸೆಯನ್ನು ಸ್ಥಾಯಿಭಾವಗಳ ಪಂಕ್ತಿಯಲ್ಲಿ ಕೂರಿಸಿ, ಅದರಿಂದ ನಿಷ್ಪನ್ನವಾಗುವ ಬೀಭತ್ಸರಸಕ್ಕೆ ನೀಲವರ್ಣವನ್ನೂ ಮಹಾಕಾಲನೆಂಬ ಅಧಿದೇವತೆಯನ್ನೂ ಕೊಟ್ಟಿತು. ಮೂಗನ್ನು ಮುಚ್ಚಿಕೊಳ್ಳುವುದು, ಅಂಗಾಂಗಗಳನ್ನು ಸಂಕೋಚಗೊಳಿಸುವುದು, ಮನಸ್ಸು ಉದ್ವೇಗಗೊಳ್ಳುವುದು ಎಂದು ನಟನು ಅದನ್ನು ತೋರಬೇಕಾದ ರೀತಿಯನ್ನೂ ವಿಧಿಸಿತು. ಪ್ರೀತಿ, ಶೋಕ, ಕ್ರೋಧಗಳಂತೆ ಇದೂ ಮಾನವಸ್ವಭಾವದ ಮೂಲದಲ್ಲಿಯೇ ಇರುವ ವೃತ್ತಿಯೆಂದು ಆ ಶಾಸ್ತ್ರಕಾರರು ಗ್ರಹಿಸಿದ್ದರು. ಆಧುನಿಕ ವಿಜ್ಞಾನವು ಅದಕ್ಕೆ ಕಾರಣವನ್ನು ಹೇಳುತ್ತದೆ. ಕೊಳೆತ ಮಾಂಸ, ಮಲ, ಕೀವು, ಹುಳುಗಳು ಇವೆಲ್ಲವೂ ರೋಗಾಣುಗಳ ಆವಾಸ. ರೋಗಾಣುಗಳೆಂಬ ಹೆಸರೇ ಹುಟ್ಟದಿದ್ದ ಕಾಲದಲ್ಲಿ ಅವುಗಳಿಂದ ದೂರ ಸರಿದ ಜೀವಿ ಉಳಿಯಿತು, ಸರಿಯದ ಜೀವಿ ಅಳಿಯಿತು. ಉಳಿದವರ ವಂಶದವರಾದ ನಮಗೆ ಆ ಹಿಂಜರಿಕೆ ಹುಟ್ಟಿನ ಉಡುಗೊರೆಯಾಗಿ ಬಂದಿದೆ.

ಈ ಕಾವಲಿನ ಕೆಲಸದಲ್ಲಿ ಮೂಗಿನ ಸ್ಥಾನ ವಿಶಿಷ್ಟವಾದುದು. ಕಣ್ಣು ಕಂಡದ್ದೂ ಕಿವಿ ಕೇಳಿದ್ದೂ ಮಿದುಳಿನ ಥ್ಯಾಲಮಸ್ ಎಂಬ ಮಧ್ಯಸ್ಥಾನವನ್ನು ಹಾದು ಮುಂದಕ್ಕೆ ಹೋಗುತ್ತವೆ. ವಾಸನೆಯ ಸುದ್ದಿಯಾದರೋ ಆ ಬಳಸುದಾರಿಯನ್ನು ಹಿಡಿಯದೆ, ಭಾವ ಮತ್ತು ನೆನಪುಗಳಿಗೆ ಸಂಬಂಧಪಟ್ಟ ಭಾಗಗಳಿಗೆ ನೇರವಾಗಿ ಮುಟ್ಟುತ್ತದೆ. ಮೂಗಿನಲ್ಲಿ ವಾಸನೆಯನ್ನು ಹಿಡಿಯುವ ಗ್ರಾಹಕಗಳ ವಂಶವಾಹಿಗಳನ್ನು ೧೯೯೧ರಲ್ಲಿ ಗುರುತಿಸಿ, ಅದಕ್ಕಾಗಿ ೨೦೦೪ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್. ಮನುಷ್ಯನಲ್ಲಿ ಇಂತಹ ಗ್ರಾಹಕಗಳು ಸುಮಾರು ೪೦೦ ಬಗೆ ಇವೆ. ಚರಂಡಿಯಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಎಂಬ ಕೊಳೆತ ಮೊಟ್ಟೆಯ ವಾಸನೆಯ ಅನಿಲವು ಗಾಳಿಯ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟಿದ್ದರೂ ಮೂಗು ಅದನ್ನು ಹಿಡಿಯಬಲ್ಲದು. ಯೋಚನೆ ಆರಂಭವಾಗುವುದಕ್ಕೆ ಮೊದಲೇ ಮುಖ ಕಿವುಚಿರುತ್ತದೆ, ಕಾಲು ಹಿಂದಕ್ಕೆ ಸರಿದಿರುತ್ತದೆ.

ಮೂಗು ಕೇಡನ್ನು ಮಾತ್ರ ಸಾರುವುದಿಲ್ಲ. ಬೇಸಗೆಯ ಕಡೆಯಲ್ಲಿ ಕಾದ ನೆಲದ ಮೇಲೆ ಮೊದಲ ಮಳೆಯ ಹನಿ ಬಿದ್ದಾಗ ಏಳುವ ಮಣ್ಣಿನ ಕಂಪಿಗೆ ಹಿಗ್ಗದ ಜೀವವಿಲ್ಲ. ಆಸ್ಟ್ರೇಲಿಯದ ಬೇರ್ ಮತ್ತು ಥಾಮಸ್ ಎಂಬ ವಿಜ್ಞಾನಿಗಳು ೧೯೬೪ರಲ್ಲಿ ಆ ಕಂಪನ್ನು ಪರಿಶೀಲಿಸಿ ಅದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು; ಮಣ್ಣಿನೊಳಗಣ ಸೂಕ್ಷ್ಮಜೀವಿಗಳು ಉತ್ಪಾದಿಸುವ ಜಿಯೋಸ್ಮಿನ್ ಎಂಬ ವಸ್ತುವೂ ಅದರಲ್ಲಿ ಸೇರಿರುತ್ತದೆ. ಉತ್ತರಪ್ರದೇಶದ ಕನೌಜಿನ ಅತ್ತರುಗಾರರು ಅದಕ್ಕಿಂತ ಬಹು ಹಿಂದಿನಿಂದಲೂ ಸುಟ್ಟ ಮಣ್ಣಿನಿಂದ ಆ ಪರಿಮಳವನ್ನು ಬಟ್ಟಿಯಿಳಿಸಿ ಶ್ರೀಗಂಧದ ಎಣ್ಣೆಯಲ್ಲಿ ಹಿಡಿದಿಡುತ್ತ ಬಂದಿದ್ದಾರೆ. ಇಲ್ಲಿ ನೀರು ಬಂದಿದೆ, ಇಲ್ಲಿ ಬೆಳೆಯಾಗುವುದು, ಇಲ್ಲಿ ಬಾಳಬಹುದು ಎಂಬ ಭರವಸೆಯನ್ನು ಆ ಕಂಪು ರೈತನಿಗೆ ತಂದುಕೊಡುವುದರಿಂದಲೇ ಅದು ಅವನಿಗೆ ಅಷ್ಟು ಪ್ರಿಯ.

ಪ್ರಸನ್ನತೆಯ ಪ್ರಯೋಜನ

ಶುಚಿತ್ವದಿಂದ ಮನಸ್ಸಿಗೆ ಏನಾಗುತ್ತದೆಂಬ ಪ್ರಶ್ನೆಗೆ ಪತಂಜಲಿಯ ಯೋಗಸೂತ್ರದ ಎರಡನೆಯ ಪಾದದಲ್ಲಿ ಅಕ್ಕಪಕ್ಕದಲ್ಲಿಯೇ ಎರಡು ಉತ್ತರಗಳಿವೆ. ಶೌಚದಿಂದ ದೇಹದ ವಿಷಯದಲ್ಲಿ ಜುಗುಪ್ಸೆಯೂ ಇತರರೊಡನೆ ಸಂಸರ್ಗವಿಲ್ಲದಿರುವಿಕೆಯೂ ಉಂಟಾಗುವುವೆಂಬುದು ಒಂದು. ಸತ್ತ್ವಶುದ್ಧಿ, ಸೌಮನಸ್ಯ, ಏಕಾಗ್ರತೆ, ಇಂದ್ರಿಯಜಯ, ಆತ್ಮದರ್ಶನದ ಯೋಗ್ಯತೆ ಇವು ಕ್ರಮವಾಗಿ ಲಭಿಸುವುವೆಂಬುದು ಇನ್ನೊಂದು. ಸೂತ್ರಕಾರನ ಲಕ್ಷ್ಯ ಯೋಗಿಯ ಕಡೆಗೆ. ಆದರೂ ಶುಚಿತ್ವದ ಹಂಬಲವು ಮನುಷ್ಯನನ್ನು ಪರರಿಂದ ದೂರ ಸರಿಯುವ ಕಡೆಗೂ ಒಯ್ಯಬಲ್ಲದು, ಮನಸ್ಸಿನ ತಿಳಿವಿನ ಕಡೆಗೂ ಒಯ್ಯಬಲ್ಲದು ಎಂಬ ಅರಿವಿನಲ್ಲಿ ಗೃಹಸ್ಥರಿಗೂ ಪಾಠವುಂಟು. ಮೊದಲನೆಯ ದಾರಿಯ ಮಾತನ್ನು ಮುಂದೆ ಹೇಳಬೇಕಾಗಿದೆ. ಎರಡನೆಯದಕ್ಕೆ, ಎಂದರೆ ಪ್ರಸನ್ನವಾದ ಪರಿಸರವು ಮನಸ್ಸನ್ನು ತಿಳಿಗೊಳಿಸುವುದೆಂಬುದಕ್ಕೆ, ಈ ಕಾಲದ ಶೋಧಕರು ಒದಗಿಸಿರುವ ಸಾಕ್ಷ್ಯ ಸ್ವಾರಸ್ಯವಾದುದು.

ರೋಜರ್ ಉಲ್ರಿಚ್ ಎಂಬ ವಿದ್ವಾಂಸರು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಒಂದು ಆಸ್ಪತ್ರೆಯಲ್ಲಿ, ೧೯೭೨ರಿಂದ ೧೯೮೧ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ೪೬ ರೋಗಿಗಳ ದಾಖಲೆಗಳನ್ನು ಜೋಡಿಜೋಡಿಯಾಗಿ ಹೋಲಿಸಿ ನೋಡಿದರು. ವಯಸ್ಸು, ಲಿಂಗ ಮೊದಲಾದ ವಿಷಯಗಳಲ್ಲಿ ಸಮಾನರಾದ ಇಬ್ಬರಲ್ಲಿ ಒಬ್ಬರ ಕಿಟಕಿ ಮರಗಳ ಕಡೆಗೆ ತೆರೆದಿತ್ತು, ಮತ್ತೊಬ್ಬರದು ಇಟ್ಟಿಗೆಯ ಗೋಡೆಯ ಕಡೆಗೆ. ಮರಗಳನ್ನು ನೋಡುತ್ತ ಮಲಗಿದ್ದವರು ಶಸ್ತ್ರಚಿಕಿತ್ಸೆಯ ಬಳಿಕ ಸರಾಸರಿ ಎಂಟು ದಿನಕ್ಕೆ ಮನೆಗೆ ಹೊರಟರೆ, ಗೋಡೆಯನ್ನು ನೋಡುತ್ತಿದ್ದವರಿಗೆ ಮುಕ್ಕಾಲು ದಿನದಷ್ಟು ಹೆಚ್ಚು ಹಿಡಿಯಿತು. ಮೊದಲಿನವರಿಗೆ ಬೇಕಾದ ಪ್ರಬಲವಾದ ನೋವುನಿವಾರಕಗಳೂ ಕಡಿಮೆ, ಅವರ ವಿಷಯದಲ್ಲಿ ದಾದಿಯರು ಬರೆದಿಟ್ಟ ಅಳಲಿನ ಮಾತುಗಳೂ ಕಡಿಮೆ. ೧೯೮೪ರಲ್ಲಿ ಪ್ರಕಟವಾದ ಈ ಪುಟ್ಟ ಅಧ್ಯಯನವು ಆಸ್ಪತ್ರೆಗಳನ್ನು ಕಟ್ಟುವವರ ಯೋಚನೆಯ ದಿಕ್ಕನ್ನೇ ಬದಲಿಸಿತು. ಸ್ಟೀಫನ್ ಮತ್ತು ರೇಚಲ್ ಕ್ಯಾಪ್ಲನ್ ದಂಪತಿಗಳು ೧೯೮೯ರ ತಮ್ಮ ಗ್ರಂಥದಲ್ಲಿ ಇದಕ್ಕೆ ಹತ್ತಿರದ ಮತ್ತೊಂದು ತತ್ತ್ವವನ್ನು ವಿವರಿಸಿದರು. ಪೇಟೆಯ ಗದ್ದಲದಲ್ಲಿ ನಾವು ಗಮನವನ್ನು ಬಲವಂತದಿಂದ ಒಂದೆಡೆ ನಿಲ್ಲಿಸಿ ದುಡಿಯುತ್ತೇವೆ; ಆ ಶಕ್ತಿ ದಣಿದಾಗ ಸಿಡುಕು, ತಪ್ಪು, ಮರೆವು ಹೆಚ್ಚುತ್ತವೆ. ಎಲೆಯ ಅಲುಗಾಟ, ನೀರಿನ ತೆರೆ, ಮೋಡದ ನಡೆ ಇವು ಯಾವ ಬಲವಂತವೂ ಇಲ್ಲದೆ ಮನಸ್ಸನ್ನು ಹಿಡಿಯುವುದರಿಂದ, ದಣಿದ ಗಮನಶಕ್ತಿಗೆ ಅಷ್ಟು ಹೊತ್ತು ವಿಶ್ರಾಂತಿ ಸಿಗುತ್ತದೆ. ಸೌಮನಸ್ಯದ ಬೆನ್ನಿಗೇ ಏಕಾಗ್ರತೆಯನ್ನು ಇರಿಸಿದ ಸೂತ್ರಕಾರನ ಕ್ರಮವನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ.

ಕೊಳೆ ಕೊಳೆಯನ್ನು ಕರೆಯುತ್ತದೆ

ಸುತ್ತಣ ಸ್ಥಿತಿಯು ನಮ್ಮ ಮನಸ್ಸಿನ ಮೇಲೆ ಮಾತ್ರವಲ್ಲದೆ ನಡತೆಯ ಮೇಲೂ ಅಧಿಕಾರ ನಡೆಸುತ್ತದೆ. ನೆದರ್ಲೆಂಡ್ಸಿನ ಗ್ರೋನಿಂಗೆನ್ ನಗರದಲ್ಲಿ ಕೀಸ್ ಕೈಜರ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಬಹಳ ಸರಳವಾಗಿ ತೋರಿಸಿದವು. ಸೈಕಲ್ಲುಗಳನ್ನು ನಿಲ್ಲಿಸುವ ಒಂದು ಓಣಿಯಲ್ಲಿ ಪ್ರತಿಯೊಂದು ಸೈಕಲ್ಲಿನ ಹಿಡಿಗೂ ಒಂದು ಜಾಹೀರಾತಿನ ಚೀಟಿಯನ್ನು ಸಿಕ್ಕಿಸಿಟ್ಟರು. ಗೋಡೆ ಶುಭ್ರವಾಗಿದ್ದಾಗ ಅದನ್ನು ನೆಲಕ್ಕೆ ಬಿಸಾಡಿದವರು ನೂರಕ್ಕೆ ೩೩ ಮಂದಿ; ಅದೇ ಗೋಡೆಯ ಮೇಲೆ ಗೀಚಿ ಬಣ್ಣ ಬಳಿದಿದ್ದಾಗ ನೂರಕ್ಕೆ ೬೯ ಮಂದಿ. ಮತ್ತೊಂದು ಪ್ರಯೋಗದಲ್ಲಿ ಐದು ಯೂರೋ ನೋಟು ಕಾಣುವಂತಹ ಲಕೋಟೆಯನ್ನು ಅಂಚೆಪೆಟ್ಟಿಗೆಯ ಬಾಯಿಯಿಂದ ಹೊರಕ್ಕೆ ಇಣುಕುವಂತೆ ಇರಿಸಿದರು. ಪೆಟ್ಟಿಗೆಯ ಸುತ್ತ ಶುಚಿಯಾಗಿದ್ದಾಗ ಅದನ್ನು ಕದ್ದವರು ನೂರಕ್ಕೆ ೧೩. ಸುತ್ತ ಕಸ ಬಿದ್ದಿದ್ದಾಗ ೨೫. ಕಸಕ್ಕೂ ಕಳ್ಳತನಕ್ಕೂ ಮೇಲುನೋಟಕ್ಕೆ ಯಾವ ನಂಟೂ ಇಲ್ಲ. ಆದರೂ ಇಲ್ಲಿ ಯಾರೂ ಯಾವುದನ್ನೂ ಕಾಯುತ್ತಿಲ್ಲ ಎಂಬ ಒಂದು ಸೂಚನೆ ಕಸದಿಂದ ಹೊರಟು, ಮನಸ್ಸಿನ ಸಂಯಮವನ್ನು ಸಡಿಲಿಸುತ್ತದೆ.

ನಮ್ಮ ಬಡಾವಣೆಗಳ ಮೂಲೆಗಳಲ್ಲಿ ಇದೇ ಪ್ರಯೋಗ ದಿನವೂ ನಡೆಯುತ್ತಿದೆ. ಖಾಲಿ ನಿವೇಶನದ ಮೂಲೆ, ವಿದ್ಯುತ್ ಪರಿವರ್ತಕದ ಬುಡ, ಶಾಲೆಯ ಹಿಂಗೋಡೆ, ಇಂತಹ ಕಡೆ ಯಾರೋ ಒಬ್ಬರು ಮುಂಜಾನೆಯ ಕತ್ತಲಲ್ಲಿ ಒಂದು ಪ್ಲಾಸ್ಟಿಕ್ ಚೀಲವನ್ನು ಇಟ್ಟು ಹೋಗುತ್ತಾರೆ. ಎಂಟು ಗಂಟೆಯ ಹೊತ್ತಿಗೆ ನಾಯಿ ಅದನ್ನು ಹರಿದು, ಅನ್ನ, ಕಾಫಿಚರಟ, ಮಗುವಿನ ಡೈಪರು ರಸ್ತೆಗೆ ಹರಡುತ್ತವೆ. ಮಧ್ಯಾಹ್ನದೊಳಗೆ ಅದರ ಪಕ್ಕದಲ್ಲಿ ನಾಲ್ಕು ಚೀಲಗಳು ಕೂಡಿರುತ್ತವೆ. ಮೊದಲನೆಯ ಚೀಲವನ್ನು ಎಸೆಯಲು ಒಬ್ಬನಿಗೆ ಧೈರ್ಯ ಬೇಕಾಗಿತ್ತು, ಐದನೆಯದಕ್ಕೆ ಅದೂ ಬೇಡ. ಪೌರಕಾರ್ಮಿಕರು ಅಂತಹ ಮೂಲೆಯನ್ನು ಗುಡಿಸಿ, ನೀರು ಹಾಕಿ ತೊಳೆದು, ದೊಡ್ಡದೊಂದು ರಂಗೋಲಿಯನ್ನು ಇಟ್ಟು, ಪಕ್ಕದಲ್ಲಿ ಕಾವಲು ನಿಲ್ಲುವುದನ್ನು ಬೆಂಗಳೂರಿನಲ್ಲಿ ಎಷ್ಟೋ ಮಂದಿ ನೋಡಿರಬಹುದು. ೨೦೧೦ರಿಂದ ಹೆಸರು ಹೇಳಿಕೊಳ್ಳದೆ ಕೆಲಸ ಮಾಡುತ್ತಿರುವ ‘ದಿ ಅಗ್ಲಿ ಇಂಡಿಯನ್’ ತಂಡದವರು ಇಂತಹ ಮೂಲೆಗಳ ಗೋಡೆಗೆ ಬಣ್ಣ ಬಳಿದು, ಕಾಲುದಾರಿಯನ್ನು ಸರಿಪಡಿಸಿ, ಗಿಡದ ಕುಂಡಗಳನ್ನಿಟ್ಟು ತೋರಿಸಿದ್ದೂ ಇದನ್ನೇ. ಕಸ ಹಾಕಬೇಡಿ ಎಂಬ ಫಲಕದ ಬುಡದಲ್ಲಿಯೇ ಕಸ ಸುರಿಯುವ ಕೈ, ರಂಗೋಲಿಯ ಮೇಲೆ ಸುರಿಯಲು ಅಳುಕುತ್ತದೆ. ಆಜ್ಞೆಯನ್ನು ಮೀರುವುದು ಸುಲಭ. ಒಬ್ಬರ ಶ್ರಮವನ್ನೂ ಅಕ್ಕರೆಯನ್ನೂ ಕಣ್ಣೆದುರಿಗೆ ತುಳಿಯುವುದು ಅಷ್ಟು ಸುಲಭವಲ್ಲ.

ಒಗ್ಗಿಹೋದ ಮನಸ್ಸು

ಕಾವಲುಗಾರನಾದ ಮೂಗಿಗೆ ಒಂದು ದೌರ್ಬಲ್ಯವುಂಟು. ಒಂದೇ ವಾಸನೆ ಸ್ವಲ್ಪ ಹೊತ್ತು ಎಡೆಬಿಡದೆ ಬಂದರೆ ಅದು ವರದಿ ಮಾಡುವುದನ್ನು ನಿಲ್ಲಿಸುತ್ತದೆ. ಹೈಡ್ರೋಜನ್ ಸಲ್ಫೈಡಿನ ವಿಷಯದಲ್ಲಿ ಈ ದೌರ್ಬಲ್ಯ ಪ್ರಾಣಕ್ಕೇ ಮುಳುವಾಗುತ್ತದೆ: ಹತ್ತು ಲಕ್ಷ ಭಾಗಗಳಲ್ಲಿ ನೂರು ಭಾಗಗಳ ಆಸುಪಾಸಿಗೆ ಅದು ಏರಿದಾಗ ಘ್ರಾಣಶಕ್ತಿಯೇ ಸ್ತಬ್ಧವಾಗಿ, ಒಳಚರಂಡಿಯ ಗುಂಡಿಗೆ ಇಳಿದವನಿಗೆ ವಾಸನೆ ಹೋಯಿತೆಂದು ತೋರುವ ಗಳಿಗೆಯಲ್ಲಿಯೇ ಮೃತ್ಯು ಸಮೀಪಿಸಿರುತ್ತದೆ. ಸಮಾಜದ ಮನಸ್ಸೂ ಹೀಗೆಯೇ ಒಗ್ಗಿಹೋಗುತ್ತದೆ. ಕಪ್ಪು ನೀರು ಹರಿಯುವ ರಾಜಕಾಲುವೆಯನ್ನು ಮೊದಲು ಹೊಳೆಯೆಂದು ಕಂಡವರಿದ್ದರು, ಬಳಿಕ ಚರಂಡಿಯೆಂದು ಕಂಡವರಿದ್ದರು, ಈಗ ಅದನ್ನು ಕಾಣದೆಯೇ ದಾಟುವವರಿದ್ದಾರೆ. ಕೊಳೆಯನ್ನು ಕಂಡು ಹೇಸುವ ಊರಿಗೆ ಇನ್ನೂ ಆರೋಗ್ಯವಿದೆ. ಹೇಸದಿರುವ ಊರಿನ ಗತಿ ಕಷ್ಟ.

ಅಧಿಕಾರದಲ್ಲಿರುವವರ ಮೂಗಿಗೆ ದುರ್ಗಂಧ ಮುಟ್ಟಿದಾಗ ಏನಾಗುವುದೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರ ಉತ್ತಮವಾದ ನಿದರ್ಶನ. ೧೮೫೫ರ ಜುಲೈಯಲ್ಲಿ ಮೈಕೇಲ್ ಫ್ಯಾರಡೆ ಥೇಮ್ಸ್ ನದಿಯಲ್ಲಿ ಹಡಗಿನ ಮೇಲೆ ಹೋಗುತ್ತ, ಬಿಳಿಯ ಕಾಗದದ ಚೂರುಗಳನ್ನು ಒದ್ದೆ ಮಾಡಿ ನೀರಿಗೆ ಬಿಟ್ಟು ನೋಡಿದರು. ಅವು ಒಂದು ಅಂಗುಲದಷ್ಟು ಮುಳುಗುವ ಮೊದಲೇ ಆ ಹಾಡುಹಗಲಿನಲ್ಲಿ ಕಾಣದಾದವು. ಆ ಮಹಾವಿಜ್ಞಾನಿ ಪತ್ರಿಕೆಗೆ ಬರೆದು ಎಚ್ಚರಿಸಿದರೂ ನದಿಯನ್ನು ಶುಚಿಗೊಳಿಸುವ ಕೆಲಸ ಸಾಗಲಿಲ್ಲ. ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಕಾಲರಾ ಬೇನೆಯಿಂದ ನಗರದಲ್ಲಿ ೧೦,೦೦೦ಕ್ಕೂ ಹೆಚ್ಚು ಜನ ಸತ್ತಿದ್ದರೂ ಸಾಗಿರಲಿಲ್ಲ. ೧೮೫೮ರ ಬೇಸಗೆಯಲ್ಲಿ ನದಿಯ ನಾತವು ಪಾರ್ಲಿಮೆಂಟು ಭವನದೊಳಕ್ಕೆ ನುಗ್ಗಿ, ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರೂ ತಡೆಯದೆ, ಸದಸ್ಯರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಎದ್ದು ಹೋಗುವಂತಾದಾಗ, ವರ್ಷಗಳಿಂದ ಬಗೆಹರಿಯದಿದ್ದ ಒಳಚರಂಡಿಯ ಪ್ರಶ್ನೆಗೆ ಮಸೂದೆಯೊಂದು ಬಂದು ಕೇವಲ ೧೮ ದಿನಗಳಲ್ಲಿ ಶಾಸನವಾಯಿತು. ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರು ಅದರ ಮೇರೆಗೆ ಕಟ್ಟಿದ ಒಳಚರಂಡಿಗಳು ಇಂದಿಗೂ ಆ ನಗರದ ಆಧಾರ.

ಆದರೆ ಆ ಕಥೆಗೆ ಒಂದು ಉತ್ತರಾರ್ಧವುಂಟು. ಹೊಸ ಒಳಚರಂಡಿಗಳು ನಗರದ ಕೊಳೆಯನ್ನೆಲ್ಲ ಪೂರ್ವಕ್ಕೆ ಒಯ್ದು, ಶುದ್ಧಿಗೊಳಿಸದೆಯೇ ನದಿಯ ಕೆಳಭಾಗದಲ್ಲಿ ಸುರಿದವು. ೧೮೭೮ರ ಸೆಪ್ಟೆಂಬರಿನಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ವಿಹಾರನೌಕೆ ಆ ಕೊಳೆ ಸುರಿಯುವ ಎಡೆಯ ಸಮೀಪದಲ್ಲಿಯೇ ಮುಳುಗಿ, ೬೦೦ಕ್ಕೂ ಹೆಚ್ಚು ಜನ ಆ ಹೊಲಸು ನೀರಿನಲ್ಲಿ ಪ್ರಾಣಬಿಟ್ಟರು. ಹೇಸಿಗೆಯ ಸ್ವಭಾವವೇ ಹಾಗೆ: ಕೊಳೆಯನ್ನು ಕಣ್ಣಿನಿಂದಲೂ ಮೂಗಿನಿಂದಲೂ ದೂರಮಾಡುವುದರಲ್ಲಿ ಅದು ತೃಪ್ತಿ ಹೊಂದುತ್ತದೆ. ಆ ದೂರದಲ್ಲಿ ಯಾರು ವಾಸವಾಗಿದ್ದಾರೆಂದು ಕೇಳುವುದು ಅದರ ಕೆಲಸವಲ್ಲ. ನಮ್ಮಲ್ಲಿಯೂ ಹಾಗೆಯೇ ಆಯಿತು: ಬೆಂಗಳೂರಿನ ಕಸ ಲಾರಿಗಳಲ್ಲಿ ಮಾವಳ್ಳಿಪುರವೆಂಬ ಹಳ್ಳಿಗೆ ಹೋಯಿತು, ಬಳಿಕ ಮಂಡೂರೆಂಬ ಹಳ್ಳಿಗೆ ಹೋಯಿತು. ನಗರದ ಮನೆಯಂಗಳಗಳು ಬೆಳಗಾಗುವಷ್ಟರಲ್ಲಿ ಸಾರಿಸಿ ಶುಭ್ರವಾಗಿರುತ್ತಿದ್ದಾಗ, ಮಂಡೂರಿನವರ ಬಾವಿಗಳೂ ಉಸಿರೂ ಕೆಟ್ಟವು. ಅವರು ರಸ್ತೆಗಡ್ಡವಾಗಿ ಕುಳಿತು ಹೋರಾಡಿದ ಮೇಲೆ, ೨೦೧೪ರ ಅಂತ್ಯಕ್ಕೆ ಲಾರಿಗಳು ಅಲ್ಲಿಗೆ ಬರುವುದು ನಿಂತಿತು.

ಹೇಸಿಗೆಯ ಅನ್ಯಾಯ

ಹೇಸಿಗೆಗೆ ಇನ್ನೊಂದು ದೋಷವಿದೆ, ಅದು ಮೊದಲಿನದಕ್ಕಿಂತ ಭಯಂಕರವಾದುದು. ಅದು ವಸ್ತುವಿನಿಂದ ವ್ಯಕ್ತಿಗೆ ಜಾರುತ್ತದೆ. ಚಾರ್ಲ್ಸ್ ಡಾರ್ವಿನ್ ೧೮೭೨ರಲ್ಲಿ ಭಾವಾಭಿವ್ಯಕ್ತಿಯನ್ನು ಕುರಿತು ಬರೆದ ಗ್ರಂಥದಲ್ಲಿ, ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೋದಲ್ಲಿ ನಡೆದ ಒಂದು ಘಟನೆಯನ್ನು ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಅವರು ತಿನ್ನುತ್ತಿದ್ದ ಸಂರಕ್ಷಿತ ಮಾಂಸವನ್ನು ಅಲ್ಲಿಯ ನಿವಾಸಿಯೊಬ್ಬ ಬೆರಳಿನಿಂದ ಮುಟ್ಟಿ, ಅದರ ಮೆತುವಿಗೆ ಹೇಸಿಕೊಂಡ. ಅವನು ಮುಟ್ಟಿದನೆಂಬ ಕಾರಣಕ್ಕೆ ಡಾರ್ವಿನ್ನರು ಹೇಸಿಕೊಂಡರು, ಅವನ ಕೈ ಕೊಳಕಾಗಿ ಕಾಣಲಿಲ್ಲವೆಂದೂ ಅವರೇ ಬರೆದರು. ಒಬ್ಬನದು ಪದಾರ್ಥದ ಹೇಸಿಗೆ, ಮತ್ತೊಬ್ಬನದು ಮನುಷ್ಯನ ಹೇಸಿಗೆ. ೧೯೮೬ರಲ್ಲಿ ಪಾಲ್ ರೋಜಿನ್ ಮತ್ತು ಅವರ ಜೊತೆಗಾರರು, ರೋಗಾಣುಗಳಿಲ್ಲದಂತೆ ಶುದ್ಧಿಗೊಳಿಸಿದ ಸತ್ತ ಜಿರಲೆಯೊಂದನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದು ಕುಡಿಯಲು ಕೊಟ್ಟಾಗ, ಅಪಾಯವಿಲ್ಲವೆಂದು ತಿಳಿದೂ ಜನ ಹಿಂಜರಿದರು. ಒಮ್ಮೆ ತಾಗಿದ್ದು ಎಂದೆಂದಿಗೂ ತಾಗಿಯೇ ಇರುವುದೆಂಬ ಈ ಭ್ರಾಂತಿ ಹಣ್ಣಿನ ರಸದ ಮಟ್ಟಿಗೆ ನಿರುಪದ್ರವಿ.

ಮನುಷ್ಯರ ಮೇಲೆ ಅದು ಬಿದ್ದಾಗ ಏನಾಗುವುದೆಂಬುದನ್ನು ತಿಳಿಯಲು ನಾವು ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ. ಕೊಳೆಯನ್ನು ತೆಗೆಯುವವರನ್ನೇ ಕೊಳೆಯೆಂದು ಬಗೆದು, ಅವರ ನೆರಳಿಗೂ ಮೈಲಿಗೆಯನ್ನು ಕಟ್ಟಿ, ಊರ ಹೊರಗಿಟ್ಟ ಮಹಾಪರಾಧ ನಮ್ಮದು. ಶೌಚದಿಂದ ಹುಟ್ಟುವ ಅಸಂಸರ್ಗವು ಯೋಗಿಯ ಏಕಾಂತಕ್ಕೆ ತಕ್ಕುದಾಗಿರಬಹುದು; ಸಮಾಜದ ವ್ಯವಸ್ಥೆಯಾದಾಗ ಅದು ಕ್ರೌರ್ಯ. ೧೯೦೧ರ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಪಾಯಖಾನೆಗಳು ನಾರುತ್ತಿದ್ದುದನ್ನು ಗಾಂಧಿಯವರು ತೋರಿಸಿದಾಗ, ಅದು ಜಾಡಮಾಲಿಗಳ ಕೆಲಸವೆಂದು ಸ್ವಯಂಸೇವಕರು ಹೇಳಿದರು. ಗಾಂಧಿಯವರು ತಾವೇ ಪೊರಕೆ ತರಿಸಿ ಗುಡಿಸಿದರು. ಕರ್ನಾಟಕದಲ್ಲಿ ದೇವರಾಜ ಅರಸರ ಸಚಿವ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ೧೯೭೦ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು ಈ ನಾಡಿನ ಇತಿಹಾಸದಲ್ಲಿ ಚಿನ್ನದ ಅಕ್ಷರಗಳಲ್ಲಿ ಬರೆದಿಡಬೇಕಾದ ಕಾರ್ಯ. ಕೇಂದ್ರದ ಶಾಸನಗಳು ೧೯೯೩ರಲ್ಲಿಯೂ ೨೦೧೩ರಲ್ಲಿಯೂ ಬಂದವು. ಇಷ್ಟಾದರೂ ಒಳಚರಂಡಿಯ ಗುಂಡಿಗಳಲ್ಲಿ ಇಂದಿಗೂ ಜನ ಉಸಿರುಕಟ್ಟಿ ಸಾಯುತ್ತಿದ್ದಾರೆ. ಬಾಗಿಲಿಗೆ ಬಂದ ಪೌರಕಾರ್ಮಿಕಳ ಲೋಟಕ್ಕೆ ಮೇಲಿನಿಂದ ನೀರು ಸುರಿಯುವ ಕೈಗಳೂ ಇನ್ನೂ ಉಳಿದಿವೆ. ಬೇರ್ಪಡಿಸದ ಕಸದಲ್ಲಿ ಗಾಜಿನ ಚೂರನ್ನು ಬೆರೆಸಿ ಕೊಟ್ಟವರು ನಾವು, ಅದನ್ನು ಬರಿಗೈಯಿಂದ ಆರಿಸುವವರು ಅವರು. ಹೇಸಬೇಕಾದುದಾದರೆ ನಮ್ಮ ಆ ನಡತೆಗೆ ಹೇಸಬೇಕು.

ಮಮತೆಯ ಕೆಲಸ

ಹಾಗಾದರೆ ಹೇಸಿಗೆಗಿಂತ ಮೇಲಾದ ಭಾವ ಯಾವುದು? ಕೆರೆಯ ದಡದಲ್ಲಿ ನಿಂತ ಹಿರಿಯರ ದುಃಖದಲ್ಲಿ ಅದರ ಸುಳಿವಿದೆ. ಆಸ್ಟ್ರೇಲಿಯದ ತತ್ತ್ವಜ್ಞ ಗ್ಲೆನ್ ಆಲ್ಬ್ರೆಕ್ಟ್ ಅವರು, ನ್ಯೂ ಸೌತ್ ವೇಲ್ಸಿನ ಹಂಟರ್ ಕಣಿವೆಯಲ್ಲಿ ಕಲ್ಲಿದ್ದಲಿನ ಬಯಲುಗಣಿಗಳು ತಮ್ಮ ಸುತ್ತಣ ಹೊಲ ಬೆಟ್ಟಗಳನ್ನು ನುಂಗುತ್ತಿರುವುದನ್ನು ಕಂಡ ಜನರ ವೇದನೆಯನ್ನು ಅಭ್ಯಾಸ ಮಾಡಿ, ಅದಕ್ಕೆ ಸೊಲಾಸ್ಟಾಲ್ಜಿಯ ಎಂದು ಹೆಸರಿಟ್ಟರು. ಪರದೇಶಕ್ಕೆ ಹೋದವನು ಮನೆಯನ್ನು ನೆನೆದು ಕೊರಗುವುದುಂಟು. ಇವರಾದರೋ ಮನೆಯಲ್ಲಿದ್ದುಕೊಂಡೇ, ಮನೆಯೆಂಬುದು ಕಣ್ಣೆದುರಿಗೆ ಕಣ್ಮರೆಯಾಗುತ್ತಿರುವುದಕ್ಕಾಗಿ ಕೊರಗುವವರು. ಹೇಸಿಗೆಯಿಂದ ಮನುಷ್ಯ ಆ ಸ್ಥಳವನ್ನು ಬಿಟ್ಟು ಓಡುತ್ತಾನೆ, ಇಂತಹ ದುಃಖದಿಂದ ಅಲ್ಲಿಯೇ ನಿಲ್ಲುತ್ತಾನೆ. ಏಕೆಂದರೆ ಆ ದುಃಖದ ತಳದಲ್ಲಿ ಇದು ನನ್ನದೆಂಬ ಮಮತೆಯಿದೆ. ವೇದಾಂತಿಗಳು ಮಮಕಾರವನ್ನು ಬಂಧನವೆಂದರು. ಒಂದು ಮನೆಯ ಹೊಸ್ತಿಲಿಗೆ ನಿಂತುಹೋಗುವ ಮಮಕಾರದ ವಿಷಯದಲ್ಲಿ ಆ ಮಾತು ನಿಜ. ಹೊಸ್ತಿಲಿನೊಳಗೆ ಧೂಳಿನ ಕಣವನ್ನೂ ಸಹಿಸದೆ, ಗುಡಿಸಿದುದನ್ನೆಲ್ಲ ಬೀದಿಗೆ ತಳ್ಳುವ ಗೃಹಸ್ಥನಿಗೆ ಶುಚಿಪ್ರಜ್ಞೆ ಕಡಿಮೆಯಾಗಿಲ್ಲ. ತನ್ನದೆಂಬ ಭಾವದ ಎಲ್ಲೆ ಸಂಕುಚಿತವಾಗಿದೆ. ಆ ಎಲ್ಲೆಯನ್ನು ಬೀದಿಗೂ ಕೆರೆಗೂ ಹೊಳೆಗೂ ಹಿಗ್ಗಿಸುವುದೇ ನಾಗರಿಕತೆ.

ಹಾಗೆ ಹಿಗ್ಗಿಸಿದ ಕಡೆ ಏನಾಗುವುದೆಂಬುದಕ್ಕೆ ಬೆಂಗಳೂರಿನಲ್ಲಿಯೇ ಸಾಕ್ಷಿಯಿದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಕೊಳಚೆಗುಂಡಿಯಾಗುವ ಹಂತಕ್ಕೆ ಬಂದಿದ್ದಾಗ, ಸುತ್ತಣ ನಿವಾಸಿಗಳು ನಗರಪಾಲಿಕೆಯೊಡನೆ ಕೈಗೂಡಿಸಿ ೨೦೧೦ರ ಆಸುಪಾಸಿನಲ್ಲಿ ಅದನ್ನು ಬದುಕಿಸಿಕೊಂಡರು. ಉತ್ತರದ ಜಕ್ಕೂರು ಕೆರೆಯ ವ್ಯವಸ್ಥೆ ಹತ್ತಿರದಿಂದ ನೋಡತಕ್ಕದ್ದು. ಅಲ್ಲಿ ದಿನಕ್ಕೆ ಒಂದು ಕೋಟಿ ಲೀಟರಿನಷ್ಟು ಕೊಳಚೆನೀರನ್ನು ತಿಳಿಗೊಳಿಸಬಲ್ಲ ಘಟಕವನ್ನು ಕಟ್ಟಿದರು. ಅದರಿಂದ ಹೊರಬಿದ್ದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆದ ಜೌಗಿನೊಳಗೆ ಮಂದಗತಿಯಿಂದ ಸುಳಿದು, ಸಾಬೂನಿನಿಂದಲೂ ಮಲಮೂತ್ರಗಳಿಂದಲೂ ಬಂದ ರಂಜಕ ಸಾರಜನಕಗಳ ಬಹುಭಾಗವನ್ನು ಬೇರುಗಳಿಗೆ ಒಪ್ಪಿಸಿ, ಆಮೇಲೆ ಕೆರೆಯನ್ನು ಸೇರುತ್ತದೆ. ಬೆಳ್ಳಂದೂರಿನಲ್ಲಿ ಕೆರೆಯನ್ನು ಕೆಡಿಸಿದ ಪದಾರ್ಥವೇ ಇಲ್ಲಿ ಹುಲ್ಲಿಗೆ ಗೊಬ್ಬರ. ಬೆಳಗಿನ ಹೊತ್ತು ಏರಿಯ ಮೇಲೆ ನಿಂತರೆ ಹೆಜ್ಜಾರ್ಲೆಗಳು ತೇಲುತ್ತಿರುವುದೂ, ನೀರುಕಾಗೆಗಳು ರೆಕ್ಕೆಯನ್ನು ಬಿಚ್ಚಿ ಒಣಗಿಸಿಕೊಳ್ಳುತ್ತಿರುವುದೂ, ಮೀನುಗಾರರು ಬಲೆಯನ್ನು ಸರಿಪಡಿಸುತ್ತಿರುವುದೂ ಕಾಣುತ್ತವೆ. ನಡೆಯಲು ಬಂದವರ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ, ದನಿ ತಗ್ಗುತ್ತದೆ. ಅಲ್ಲಿ ಹೇಸಿಗೆ ಕೊಳೆಯನ್ನು ಮುಂದಿನ ಊರಿಗೆ ದೂಡಿಬಿಡಲಿಲ್ಲ. ಮಮತೆ ಅದನ್ನು ಇದ್ದಲ್ಲಿಯೇ ತೊಳೆಯಿತು.

ಇಷ್ಟರಿಂದ ಹೇಸಿಗೆಯನ್ನು ತೊರೆಯಬೇಕೆಂದು ಯಾರೂ ತಿಳಿಯಬಾರದು. ಅದು ಮಂಕಾಗದಂತೆ ಕಾಪಾಡಿ, ಅದಕ್ಕೆ ಶಿಕ್ಷಣ ಕೊಡಬೇಕು. ಅಡುಗೆ ಅನಿಲಕ್ಕೆ ಸ್ವತಃ ವಾಸನೆಯೆಂಬುದಿಲ್ಲ. ಸೋರಿಕೆ ಮನೆಯವರಿಗೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಅದಕ್ಕೆ ಬೆರೆಸುತ್ತಾರೆ. ಇಂದಿನ ಮಾಲಿನ್ಯದ ಬಹುಪಾಲು ಹೀಗೆಯೇ ಮೂಗಿಗೂ ಕಣ್ಣಿಗೂ ಸಿಕ್ಕದೆ ಬರುತ್ತದೆ. ಎರಡೂವರೆ ಮೈಕ್ರೋಮೀಟರಿಗಿಂತ ಚಿಕ್ಕದಾದ ಧೂಳಿನ ಕಣ ಶ್ವಾಸಕೋಶದ ಆಳಕ್ಕೆ ಇಳಿಯುವಾಗ ಯಾವ ಹೇಸಿಗೆಯೂ ಹುಟ್ಟುವುದಿಲ್ಲ. ಕೈಗಾರಿಕೆಯ ನೀರಿನೊಡನೆ ಬಂದ ಸೀಸಕ್ಕೆ ಬಣ್ಣವೂ ಇಲ್ಲ, ನಾತವೂ ಇಲ್ಲ. ಪರಿಮಳದ ದ್ರವದಿಂದ ಒರೆಸಿ ಹೊಳೆಯುವ ನೆಲವನ್ನು ಶುಚಿಯೆಂದು ನಂಬುವ ಮನಸ್ಸು, ಆ ದ್ರವ ಹರಿದುಹೋಗುವ ಕೆರೆಯನ್ನು ನೆನೆಯುವುದಿಲ್ಲ. ಮೂಗು ಹೇಳಲಾರದ್ದನ್ನು ಜ್ಞಾನ ಹೇಳಬೇಕು. ಕಾಣದ ಕೇಡಿಗೂ ಮನಸ್ಸು ಬೆಚ್ಚುವಂತೆ ಶಾಲೆಗಳೂ ಪತ್ರಿಕೆಗಳೂ ಜನರನ್ನು ಸಿದ್ಧಗೊಳಿಸಬೇಕು. ತಮ್ಮ ಮನೆಯ ಬಚ್ಚಲ ನೀರು ಯಾವ ಕಾಲುವೆಯನ್ನು ಹಿಡಿದು ಯಾವ ಕೆರೆಯನ್ನು ಸೇರುತ್ತದೆ, ತಾವು ಕೊಟ್ಟ ಕಸ ಯಾವ ಊರಿನಲ್ಲಿ ಇಳಿಯುತ್ತದೆ ಎಂಬುದನ್ನು ಮಕ್ಕಳು ನಡೆದುಹೋಗಿ ನೋಡಿ ಬರುವುದು, ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಲ್ಲದ ಪಾಠ.

ಶುಭ್ರವಾದ ಸ್ಥಳದಲ್ಲಿ ಮನಸ್ಸು ಅರಳುವುದೂ ಮಲಿನವಾದ ಸ್ಥಳದಲ್ಲಿ ಮುದುಡುವುದೂ ಪ್ರಕೃತಿ ನಮಗೆ ಕೊಟ್ಟಿರುವ ವರ. ಆ ಅರಳುವಿಕೆಯ ಹಕ್ಕು ಮಂಡೂರಿನ ರೈತನಿಗೂ, ಕೊಳೆಗೇರಿಯ ಮಗುವಿಗೂ, ಬೆಳಗಿನ ಜಾವಕ್ಕೆ ಪೊರಕೆ ಹಿಡಿದು ಹೊರಡುವ ಪೌರಕಾರ್ಮಿಕಳಿಗೂ ನಮ್ಮಷ್ಟೇ ಇದೆ. ಯಾವ ಊರಿನ ಪ್ರಸನ್ನತೆಗಾಗಿ ಮತ್ತೊಂದು ಊರು ಮೂಗು ಮುಚ್ಚಿಕೊಳ್ಳಬೇಕಾಗಿಲ್ಲವೋ, ಯಾವ ಮನೆಯ ಶುಚಿತ್ವಕ್ಕಾಗಿ ಮತ್ತೊಬ್ಬರ ಮಾನ ಹೋಗಬೇಕಾಗಿಲ್ಲವೋ, ಆ ಊರು ಆ ಮನೆ ಮಾತ್ರ ಶುಚಿಯೆಂದು ಕರೆಸಿಕೊಳ್ಳಲು ಅರ್ಹ.